ಭತ್ತ ಕಟಾವು ಮಷಿನ್‌ಗೆ ಸರ್ಕಾರಿ ಗ್ಯಾರಂಟಿ ಸಾಲ: ಮುದ್ರಾನಾ, ಎಐಎಫಾ, ಸಬ್ಸಿಡಿಗೆ ಕಾಯೋದಾ?

ಗಂಗಾವತಿ_ಮಲ್ಲು
ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ಗಂಗಾವತಿ ಹತ್ರ, ತುಂಗಭದ್ರಾ ಎಡದಂಡಿ ಕಾಲುವಿ ನೀರಿನ ಹೊಲ. ನಾನು, ನನ್ನ ತಮ್ಮ, ನಮ್ಮ ಮಾವನ ಮಗ ಮೂರು ಮಂದಿ ಕೂಡಿ ಒಂದು ಭತ್ತದ ಕಟಾವು ಮಷಿನ್ ತಗೊಂಡು ಬಾಡಿಗಿಗೆ ಓಡಿಸಬೇಕು ಅಂತ ಮಾಡೀವಿ. ತಮ್ಮ ಐದಾರು ವರ್ಷದಿಂದ ತಮಿಳುನಾಡಿನವರ ಚೈನ್ ಮಷಿನ್ (ಟೈರ್ ಬದಲಿ ಚೈನ್ ಮ್ಯಾಲ ಓಡೋದು) ಮ್ಯಾಲ ಡ್ರೈವರ್ ಆಗಿ ದುಡಿತಾನ, ಸಣ್ಣಪುಟ್ಟ ರಿಪೇರಿನೂ ಬರ್ತದ. ಮಷಿನ್ ಕೊಟೇಶನ್ 28 ಲಕ್ಷ.

ಈಗ ತಲಿಕೆಟ್ಟಿರೋದು ಸಾಲದ್ದು. ಶೋರೂಮ್‌ನವ್ರು "5 ಲಕ್ಷ ಕಟ್ರಿ, ಉಳಿದದ್ದು ನಾವ ಫೈನಾನ್ಸ್ ಮಾಡಿಸ್ತೀವಿ, ಎರಡು ದಿನದಾಗ ಗಾಡಿ ನಿಮ್ಮ ಮನಿ ಮುಂದ" ಅಂತಾರ. ಬಡ್ಡಿ ಎಷ್ಟು ಅಂತ ಕೇಳಿದ್ರ ತಿಂಗಳ ಕಂತು ಮಾತ್ರ ಹೇಳ್ತಾರ. ಬ್ಯಾಂಕಿಗೆ ಹೋದ್ರ ಮ್ಯಾನೇಜರ್ ಸಾಹೇಬ್ರು "ಪಹಣಿ ತರ್ರಿ, ಹೊಲ ಅಡ ಇಡಬೇಕು" ಅಂದ್ರು. ಮುದ್ರಾ, ಎಐಎಫ್ ಅಂದ್ರ ಗ್ಯಾರಂಟಿ ಸರ್ಕಾರದ್ದ ಅಲ್ಲೇನ್ರಿ? ಮತ್ತ ಹೊಲ ಯಾಕ? ಕೃಷಿ ಇಲಾಖಿ ಸಬ್ಸಿಡಿ ಬರೋತನ ಕಾಯ್ರಿ ಅನ್ನೋರೂ ಅದಾರ. ಮಾಡಿದವ್ರು, ಗೊತ್ತಿದ್ದವ್ರು ಬಿಡಿಸಿ ಹೇಳ್ರಿ.

ಹರಿಹರ_ಶಿವು
ಮಲ್ಲಣ್ಣ, ಬೇರೆ ಏನಾದ್ರೂ ಮಾಡು, ಶೋರೂಮ್ ಫೈನಾನ್ಸ್ ಪೇಪರ್‌ಗೆ ಮಾತ್ರ ಸಹಿ ಹಾಕಬೇಡ. ನಾನು ಭದ್ರಾ ಅಚ್ಚುಕಟ್ಟಲ್ಲಿ ಗಾಡಿ ಓಡಿಸೋನು. ಬಡ್ಡಿ ಜಾಸ್ತಿ ಅನ್ನೋದು ಒಂದು ಕಡೆ ಇರಲಿ, ಕೊರಳು ಹಿಸುಕೋದು ತಿಂಗಳ ಕಂತು. ಮಷಿನ್ ದುಡಿಯೋದು ವರ್ಷದಲ್ಲಿ ಎರಡು ಹಂಗಾಮು. ಆಗಸ್ಟ್‌ನಲ್ಲಿ ಗಾಡಿ ಶೆಡ್ಡಲ್ಲಿ ನಿಂತಿರುತ್ತೆ, ಕಂತು ನಿಲ್ಲಲ್ಲ. ನಮ್ಮ ಪಕ್ಕದ ಊರಿನ ಹುಡುಗರ ಗಾಡಿ ಹಂಗೇ ಮಳೆಗಾಲದಲ್ಲಿ ಎತ್ತಿಕೊಂಡು ಹೋದ್ರು. ಸುಗ್ಗಿ ಇನ್ನು ಎರಡು ತಿಂಗಳು ಇತ್ತು ಅಷ್ಟೆ.

23 ಲಕ್ಷಕ್ಕೆ ಶೇ 14 ಬಡ್ಡಿ, 4 ವರ್ಷ ಅಂತ ಹಿಡಿ. ತಿಂಗಳಿಗೆ 62-63 ಸಾವಿರ ಬೀಳುತ್ತೆ. ವರ್ಷಕ್ಕೆ ಏಳೂವರೆ ಲಕ್ಷ. ಹೊಸಬರಿಗೆ ಮೊದಲ ವರ್ಷವೇ ಅಷ್ಟು ಉಳಿಯೋದು ಕಷ್ಟ ಐತೆ.

ಮದ್ದೂರ್_ಗೌಡ
ಸಬ್ಸಿಡಿ ನಂಬ್ಕಂಡು ಕೂತ್ಕಂಡ್ರೆ ಸುಗ್ಗಿ ಮುಗುದೋಯ್ತದೆ ಕಣಣ್ಣ.

ನಿವೃತ್ತ_ಬ್ಯಾಂಕಿಗ
ಮಲ್ಲು ಅವರೇ, ಮೂವತ್ತು ವರ್ಷ ಗ್ರಾಮೀಣ ಶಾಖೆಗಳಲ್ಲೇ ಸಾಲದ ಕಡತ ನೋಡಿದವನು ನಾನು. ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಹೋಗಿವೆ.

ಮುದ್ರಾ ನಿಮಗೆ ಸಾಲುವುದಿಲ್ಲ. ಅದು ಸಣ್ಣ ಉದ್ಯಮಗಳಿಗೆಂದು 2015ರಲ್ಲಿ ಶುರುವಾದ ಸಾಲ ಯೋಜನೆ. ಶಿಶು 50 ಸಾವಿರದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. 2024ರಲ್ಲಿ ತರುಣ್ ಪ್ಲಸ್ ಅಂತ 20 ಲಕ್ಷದವರೆಗೆ ಏರಿಸಿದರು ನಿಜ, ಆದರೆ ಅದು ಹಿಂದೆ ತರುಣ್ ಸಾಲ ಪಡೆದು ಸರಿಯಾಗಿ ತೀರಿಸಿದವರಿಗೆ. ಮೊದಲ ಸಲ ಬರುವವರಿಗೆ 10 ಲಕ್ಷವೇ ಗಡಿ. 28 ಲಕ್ಷದ ಯಂತ್ರಕ್ಕೆ ಅದನ್ನು ಹಿಡಿದು ಅಲೆದರೆ ಕಾಲಹರಣ.

ನಿಮಗೆ ಹೊಂದುವುದು ಎಐಎಫ್, ಅಂದರೆ ಕೃಷಿ ಮೂಲಸೌಕರ್ಯ ನಿಧಿ. 2020ರಲ್ಲಿ 1 ಲಕ್ಷ ಕೋಟಿ ರೂಪಾಯಿ ಗುರಿಯೊಂದಿಗೆ ಬಂದದ್ದು. 2 ಕೋಟಿವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ, ಗರಿಷ್ಠ 7 ವರ್ಷ. ಹಣವನ್ನು ಸರ್ಕಾರ ಕೊಡುವುದಿಲ್ಲ, ಬ್ಯಾಂಕೇ ಕೊಡುತ್ತದೆ, ಬಡ್ಡಿಯ ಒಂದು ಭಾಗ ಸರ್ಕಾರ ತುಂಬುತ್ತದೆ. ಯಂತ್ರ ಬಾಡಿಗೆ ಕೇಂದ್ರ, ಕೊಯ್ಲಿನ ಯಾಂತ್ರೀಕರಣ ಎರಡೂ ಅದರ ಪಟ್ಟಿಯಲ್ಲಿವೆ. ಕನಿಷ್ಠ ಶೇ 10 ನಿಮ್ಮ ಕೈಯಿಂದ ಹಾಕಬೇಕು. 28ರಲ್ಲಿ 2.8 ಲಕ್ಷ ನಿಮ್ಮದು, 25 ಲಕ್ಷದಷ್ಟು ಸಾಲ.

ಇನ್ನು ಹೊಲದ ವಿಚಾರ. ಎಐಎಫ್‌ನ 2 ಕೋಟಿವರೆಗಿನ ಸಾಲಕ್ಕೆ ಸಿಜಿಟಿಎಂಎಸ್‌ಇ, ಅಂದರೆ ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ನಿಲ್ಲುವ ಟ್ರಸ್ಟಿನ ಖಾತರಿ ಸಿಗುತ್ತದೆ, ಅದರ ಶುಲ್ಕವನ್ನೂ ಸರ್ಕಾರವೇ ಕಟ್ಟುತ್ತದೆ. ಹೀಗಿರುವಾಗ ಮ್ಯಾನೇಜರ್ ಜಮೀನು ಕೇಳಿದರೆ "ಸರ್, ಸಿಜಿಟಿಎಂಎಸ್‌ಇ ಅಡಿಯಲ್ಲಿ ಕವರ್ ಮಾಡಿ" ಎಂದು ಅರ್ಜಿಯಲ್ಲೇ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ಕೋರಿಕೆಗೆ ಬಾಯಿಮಾತಿನ ನಿರಾಕರಣೆಯೇ ಸಿಗುವುದು.

ಗಂಗಾವತಿ_ಮಲ್ಲು
ಸರ್, ಭಾಳ ಉಪಕಾರ ಆತು. ಅಂದ್ರ ನಾವು ಕಟ್ಟಲಿಲ್ಲ ಅಂದ್ರ ಸರ್ಕಾರ ಕಟ್ತದ ಅಂತನಾ?

ನಿವೃತ್ತ_ಬ್ಯಾಂಕಿಗ
ಇಲ್ಲ ಇಲ್ಲ, ಇದನ್ನು ದಯವಿಟ್ಟು ಎಲ್ಲರೂ ತಿಳಿದುಕೊಳ್ಳಿ. ಖಾತರಿ ಇರುವುದು ಬ್ಯಾಂಕಿಗೆ, ನಿಮಗಲ್ಲ. ಕಂತು ನಿಂತು ಸಾಲ ಎನ್‌ಪಿಎ (ವಸೂಲಾಗದ ಸಾಲ) ಆಗಿ, ಬ್ಯಾಂಕು ಕಾನೂನು ಕ್ರಮ ಶುರುಮಾಡಿದ ಮೇಲೆ ಟ್ರಸ್ಟು ಬ್ಯಾಂಕಿನ ನಷ್ಟದ ಒಂದು ಪಾಲು, ಸಾಮಾನ್ಯವಾಗಿ ಶೇ 75, ತುಂಬಿಕೊಡುತ್ತದೆ. ನಿಮ್ಮ ಬಾಕಿ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ಯಂತ್ರ ಜಪ್ತಿ ಆಗುತ್ತದೆ, ಸಿಬಿಲ್ ಕೆಡುತ್ತದೆ. "ಸರ್ಕಾರಿ ಗ್ಯಾರಂಟಿ ಸಾಲ, ಕಟ್ಟದಿದ್ದರೂ ನಡೆಯುತ್ತೆ" ಎಂದು ಯಾರೋ ಹೇಳಿದ್ದನ್ನು ನಂಬಿ ಮನೆ ಮಾರಿಕೊಂಡವರನ್ನು ನೋಡಿದ್ದೇನೆ.

ಜಮಖಂಡಿ_ಕಬ್ಬು
ಸಾಹೇಬ್ರ, ನೀವು ಹೇಳೋದು ಕಾಗದದಾಗ ಖರೆ. ನಮ್ಮ ಕಡೆ ಬ್ರಾಂಚ್‌ನ್ಯಾಗ ಎಐಎಫ್ ಅಂದ್ರ "ಅದು ಗೋದಾಮು ಕಟ್ಟೋರಿಗೆ ರೀ" ಅಂತ ಕಳಸ್ತಾರ. ರೈತರು ಸುಳ್ಳು ಹೇಳ್ತಾರೇನು?

ನಿವೃತ್ತ_ಬ್ಯಾಂಕಿಗ
ಸುಳ್ಳು ಎಂದು ನಾನೆಲ್ಲಿ ಹೇಳಿದೆ? ಬಹಳ ಶಾಖೆಗಳಲ್ಲಿ ಎಐಎಫ್ ಎಂದರೆ ಗೋದಾಮು, ಶೈತ್ಯಾಗಾರ ಎಂದೇ ತಲೆಯಲ್ಲಿ ಕೂತಿದೆ. ಅದಕ್ಕೇ ಶಾಖೆಯಿಂದ ಶುರುಮಾಡಬೇಡಿ. ಎಐಎಫ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಿ, ಬ್ಯಾಂಕನ್ನೂ ಅಲ್ಲೇ ಆರಿಸಿಕೊಳ್ಳಿ. ಆಗ ಕಡತಕ್ಕೆ ಒಂದು ನಂಬರ್ ಬರುತ್ತದೆ, ಶಾಖೆ ಒಪ್ಪಬೇಕು ಇಲ್ಲವೇ ಕಾರಣ ಬರೆಯಬೇಕು. ಆಗಲೂ ಸರಿಹೋಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಮತ್ತು ನಬಾರ್ಡ್‌ನ ಜಿಲ್ಲಾ ಅಧಿಕಾರಿ ಇದ್ದಾರೆ. ಲೀಡ್ ಬ್ಯಾಂಕ್ ಕಚೇರಿಯಿಂದ ಒಂದು ಫೋನ್ ಬಂದರೆ ಕೆಲಸದ ವೇಗವೇ ಬೇರೆ.

ಸುಮಾ_ಎಫ್‌ಪಿಒ
ಒಂದು ಮುಖ್ಯ ವಿಷಯ ಸೇರಿಸ್ತೀನಿ. ನಾನು ಹಾವೇರಿ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯ ಕೆಲಸ ನೋಡಿಕೊಳ್ತೀನಿ. ನಮ್ಮ ಸಾಲ ಎಐಎಫ್‌ನಲ್ಲೇ ಮಂಜೂರಾಯ್ತು, ಬಡ್ಡಿ ಮಾತ್ರ ರಿಯಾಯಿತಿ ಇಲ್ಲದೆ ಪೂರ್ತಿ ವಸೂಲಾಗ್ತಾನೇ ಹೋಯ್ತು. ಬ್ಯಾಂಕಿನವರು ರಿಯಾಯಿತಿ ಕ್ಲೇಮ್ ಹಾಕಿರಲೇ ಇಲ್ಲ! ಸ್ಟೇಟ್‌ಮೆಂಟ್ ಹಿಡಿದು ಕೂತು, ಪತ್ರ ಬರೆದ ಮೇಲೆ ಹಿಂದಿನದೂ ಸೇರಿ ಜಮಾ ಆಯ್ತು. ಮಂಜೂರಾತಿ ಪತ್ರದಲ್ಲಿ "ಎಐಎಫ್" ಅಂತ ಬರೆದಿದೆಯಾ ನೋಡಿ. ಆಮೇಲೂ ರಿಯಾಯಿತಿ ಖಾತೆಗೆ ಬರ್ತಿದೆಯಾ ಅಂತ ವರ್ಷ ವರ್ಷ ನೋಡ್ತಿರಿ.

25 ಲಕ್ಷಕ್ಕೆ ಶೇ 3 ಅಂದ್ರೆ ಮೊದಲ ವರ್ಷ 75 ಸಾವಿರ. ಅಸಲು ಸಮವಾಗಿ ತೀರಿಸ್ತಾ ಹೋದ್ರೆ 7 ವರ್ಷಕ್ಕೆ ಸುಮಾರು 3 ಲಕ್ಷ. ಮಷಿನ್‌ನ ಚೈನು ಬದಲಿಸೋ ದುಡ್ಡು ಅದರಲ್ಲೇ ಬರುತ್ತೆ, ಬಿಟ್ಟುಬಿಡೋ ಮೊತ್ತ ಅಲ್ಲ.

ಬಿಎಸ್ಸಿ_ಅಗ್ರಿ
ಸ್ಟ್ಯಾಂಡ್ ಅಪ್ ಇಂಡಿಯಾ ಯಾಕೆ ಯಾರೂ ಹೇಳ್ತಿಲ್ಲ? ಪರಿಶಿಷ್ಟ ಜಾತಿ, ಪಂಗಡ, ಮಹಿಳೆಯರಿಗೆ 10 ಲಕ್ಷದಿಂದ 1 ಕೋಟಿವರೆಗೆ.

ಲೆಕ್ಕಿಗ_ಶಿವಮೊಗ್ಗ
ಅದರ ಅವಧಿ 2025ರ ಮಾರ್ಚ್‌ಗೆ ಮುಗೀತು. 2025ರ ಕೇಂದ್ರ ಬಜೆಟ್‌ನಲ್ಲಿ ಮೊದಲ ಸಲ ಉದ್ಯಮ ಶುರುಮಾಡೋ ಮಹಿಳೆಯರು, ಪರಿಶಿಷ್ಟರಿಗೆ 2 ಕೋಟಿವರೆಗಿನ ಹೊಸ ಯೋಜನೆ ಘೋಷಿಸಿದ್ರು. ಹಳೇ ಹೆಸರಲ್ಲಿ ಅರ್ಜಿ ತುಂಬಿಸಿಕೊಡ್ತೀನಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ.

ಬಿಎಸ್ಸಿ_ಅಗ್ರಿ
ಸರಿ ಸರ್, ಧನ್ಯವಾದ. ಆದ್ರೆ ಕೃಷಿ ಪದವಿ, ಡಿಪ್ಲೊಮಾ ಓದಿದವರಿಗೆ ಅಗ್ರಿ ಕ್ಲಿನಿಕ್ ಯೋಜನೆ ಇನ್ನೂ ಇದೆ ಅಲ್ವಾ? 2002ರಿಂದ ಇರೋದು. 45 ದಿನ ತರಬೇತಿ, ಆಮೇಲೆ ಸಾಲ. ಸಾಮಾನ್ಯ ವರ್ಗಕ್ಕೆ ಶೇ 36, ಮಹಿಳೆಯರು, ಪರಿಶಿಷ್ಟರಿಗೆ ಶೇ 44 ಸಹಾಯಧನ. ಒಬ್ಬರಿಗೆ 20 ಲಕ್ಷದ ಯೋಜನೆ ತನಕ ಮಾತ್ರ. ಮಲ್ಲಣ್ಣನ ಮನೇಲಿ ಯಾರಾದ್ರೂ ಅಗ್ರಿ ಓದಿದ್ರೆ ನೋಡಬಹುದು.

ಗಂಗಾವತಿ_ಮಲ್ಲು
ನಮ್ಮ ಮನ್ಯಾಗ ಯಾರೂ ಓದಿಲ್ಲಪ್ಪ. ತಮ್ಮ ಐಟಿಐ ಫಿಟ್ಟರ್ ಅಷ್ಟ.

ಹರಿಹರ_ಶಿವು
ಐಟಿಐ ಫಿಟ್ಟರ್ ಮನೇಲಿದ್ರೆ ಅದೇ ದೊಡ್ಡ ಬಂಡವಾಳ ಕಣಣ್ಣ. ಎಲ್ಲರೂ ಸಾಲ ಹೆಂಗೆ ಸಿಗುತ್ತೆ ಅಂತ ಹೇಳ್ತಿದೀರಿ, ತೀರಿಸೋ ಲೆಕ್ಕ ಯಾರೂ ಹಾಕ್ತಿಲ್ಲ. ನಾನು ಹಾಕ್ತೀನಿ, ತಪ್ಪಿದ್ರೆ ತಿದ್ದಿ.

ಚೈನ್ ಮಷಿನ್, ಗಂಟೆಗೆ ಸರಾಸರಿ 2,600 ಬಾಡಿಗೆ ಅಂತ ಇಟ್ಕೋ. ದಿನಕ್ಕೆ 8 ಗಂಟೆ, ಒಂದು ಹಂಗಾಮಿಗೆ 35 ದಿನ, ಎರಡು ಹಂಗಾಮು ಸೇರಿ 560 ಗಂಟೆ. ಬಂದದ್ದು ಹದಿನಾಲ್ಕೂವರೆ ಲಕ್ಷ. ಡೀಸೆಲ್ ಗಂಟೆಗೆ 9 ಲೀಟರ್, ಲೀಟರಿಗೆ 91ರಂತೆ ನಾಲ್ಕೂವರೆ ಲಕ್ಷಕ್ಕಿಂತ ಮೇಲೆ ಹೋಯ್ತು. ಊರೂರಲ್ಲಿ ಕೆಲಸ ಹಿಡಿದುಕೊಡೋ ಏಜೆಂಟ್‌ಗೆ ಗಂಟೆಗೆ 150, ಅದು 84 ಸಾವಿರ. ಡ್ರೈವರ್, ಹೆಲ್ಪರ್ ಸಂಬಳ, ಬಾಟಾ, ಊಟ ಸೇರಿ 2 ಲಕ್ಷ ದಾಟುತ್ತೆ. ಬ್ಲೇಡು, ಬೆಲ್ಟು, ಬೇರಿಂಗು, ಚೈನಿನ ರೋಲರು, ಆಯಿಲ್ಲು ಒಂದೂ ಮುಕ್ಕಾಲು ಲಕ್ಷ. ಇನ್ಶೂರೆನ್ಸ್, ಲಾರಿ ಮೇಲೆ ಸಾಗಿಸೋ ಖರ್ಚು ಇನ್ನೊಂದು ಲಕ್ಷ. ಉಳಿಯೋದು ನಾಲ್ಕು ಲಕ್ಷದ ಚಿಲ್ಲರೆ.

ಕಟ್ಟಬೇಕಾದ್ದು? 25 ಲಕ್ಷ, 7 ವರ್ಷ ಅಂದ್ರೆ ಅಸಲೇ ವರ್ಷಕ್ಕೆ 3.57 ಲಕ್ಷ. ಬಡ್ಡಿ ಶೇ 9ರಲ್ಲಿ 2.25 ಲಕ್ಷ, ಎಐಎಫ್ ರಿಯಾಯಿತಿ ಸಿಕ್ರೆ ಒಂದೂವರೆ ಲಕ್ಷ. ಅಲ್ಲಿಗೆ ಮೊದಲ ವರ್ಷ 5 ಲಕ್ಷದ ಮೇಲೆ. ಊರ ಸುತ್ತಮುತ್ತ ಎರಡು ಹಂಗಾಮು ಓಡಿಸಿ ಕೂತ್ರೆ ಸಾಲದು. 800 ಗಂಟೆ ಓಡಿದ್ರೆ ಖರ್ಚು ಕಳೆದು ಆರು ಲಕ್ಷದ ಮೇಲೆ ಉಳಿಯುತ್ತೆ, ಆಗ ಕಂತು ಹೋಗಿ ಕೈಗೆ ಒಂದಿಷ್ಟು. ಅಂದ್ರೆ ನಿಮ್ಮ ಕಡೆ ಮುಗಿಸಿ ನಮ್ಮ ಕಡೆ ಬರಬೇಕು, ಇಲ್ಲಿಂದ ಮಂಡ್ಯಕ್ಕೋ, ಆಂಧ್ರಕ್ಕೋ ಹೋಗಬೇಕು. ತಮಿಳುನಾಡಿನವರು ನಮ್ಮೂರಿಗೆ ಬಂದು ತಿಂಗಳುಗಟ್ಟಲೆ ಗಾಡಿ ಕೆಳಗೇ ಮಲಗೋದು ಇದಕ್ಕೇ.

ಮದ್ದೂರ್_ಗೌಡ
2,600 ಎಲ್ಲಿದೆ ಗುರು? ಮಳೆ ಮೋಡ ಕಟ್ಟಿದ್ರೆ ನಮ್ ಕಡೆ 3,500 ಕಿತ್ಕತಾರೆ.

ಹರಿಹರ_ಶಿವು
ಅದು ನಾಲ್ಕು ದಿನದ ರೇಟು. ಗದ್ದೆ ಒದ್ದೆ ಇದ್ರೆ ಎಕರೆಗೆ ಒಂದು ಗಂಟೆ ಆಗೋ ಕಡೆ ಒಂದೂವರೆ ಗಂಟೆ ಆಗುತ್ತೆ, ಡೀಸೆಲ್ಲೂ ಅಷ್ಟೇ ಕುಡಿಯುತ್ತೆ. ಜೊತೆಗೆ ಎಷ್ಟೋ ಜಿಲ್ಲೆಗಳಲ್ಲಿ ಹಂಗಾಮಿಗೆ ಮೊದಲು ಡಿಸಿ ಸಾಹೇಬ್ರು ಸಭೆ ಕರೆದು ಗಂಟೆಗೆ ಇಷ್ಟೇ ಅಂತ ದರ ಹಾಕ್ತಾರೆ. ಸಾಲದ ಲೆಕ್ಕ ಹಾಕೋವಾಗ ಕಡಿಮೆ ರೇಟೇ ಹಿಡೀಬೇಕು.

ಕುಂದಾಪುರ_ಗದ್ದೆ
ಮಾರಾಯ್ರೆ, ರೈತರ ಕಡೆಯಿಂದಲೂ ಒಂದು ಮಾತು ಕೇಳಿ. ನಮ್ಮಲ್ಲಿ ಗದ್ದೆ ಚಿಕ್ಕದು, ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಸುವುದಕ್ಕೇ ಹತ್ತು ನಿಮಿಷ ಬೇಕು. ಮಷಿನಿನವರು ಗಂಟೆ ಲೆಕ್ಕ ಹಿಡಿಯುವುದರಿಂದ ಅಂಚು ದಾಟುವ ಹೊತ್ತೂ ನಮ್ಮ ತಲೆಗೆ. ಎಕರೆ ಲೆಕ್ಕ ಮಾಡಿ ಅಂದರೆ ಒಪ್ಪುವುದಿಲ್ಲ. ಅಕ್ಟೋಬರ್ ಕೊನೆಗೆ ಗುಡುಗು ಮಳೆ ಶುರುವಾದರೆ ಹೇಳಿದ ರೇಟು ಕೊಟ್ಟು ಕೊಯ್ಸದೆ ಬೇರೆ ದಾರಿ ಇಲ್ಲ. ಊರಿನ ಹುಡುಗರು ಗಾಡಿ ತೆಗೆದರೆ ಕೊನೆಪಕ್ಷ ಮಾತಾಡಲಿಕ್ಕೆ ಮನುಷ್ಯ ಸಿಗ್ತಾನೆ. ಇಂಥವರಿಗೆ ಸಾಲ ಕೊಡದೆ ಬ್ಯಾಂಕು ಮತ್ಯಾರಿಗೆ ಕೊಡುವುದು?

ಮದ್ದೂರ್_ಗೌಡ
ಸರ್ಕಾರದ ಕೃಷಿ ಯಂತ್ರಧಾರೆ ಇತ್ತಲ್ಲ, 2014-15ರಲ್ಲಿ ಹೋಬಳಿಗೊಂದು ಕೇಂದ್ರ ಅಂತ ಶುರು ಮಾಡಿದ್ರು. ಉಳುಮೆಗೆ, ರೋಟವೇಟರ್‌ಗೆ ಚೆನ್ನಾಗೇ ಅದೆ. ಕಟಾವಿನ ಟೈಮ್‌ನಲ್ಲಿ ಎಲ್ಲರ ಭತ್ತನೂ ಒಂದೇ ವಾರ ಬತ್ತದೆ, ಇರೋ ಮಷಿನ್ ಯಾರ್ಗೆ ಅಂತ ಕೊಟ್ಟಾರು? ಅದುಕ್ಕೆ ಖಾಸಗಿಯೋರೇ ಗತಿ.

ಸಿರುಗುಪ್ಪ_ನಾಗವೇಣಿ
ಎಲ್ಲರೂ ಮಷಿನ್ ಸಾಲದ ಬಗ್ಗೆನ ಮಾತಾಡಾಕ ಹತ್ತೀರಿ. ನಮ್ಮವ್ವ, ನಮ್ಮ ಚಿಗವ್ವ ಕುಡುಗೋಲು ಹಿಡಿದು ಭತ್ತ ಕೊಯ್ದು ನಮ್ಮನ್ನ ಸಾಕಿದವ್ರು. ಗುಂಪುಗುತ್ತಿಗಿ ಹಿಡಿದ್ರ ಸುಗ್ಗಿಯಾಗ ವರ್ಷದ ಕಾಳು ಮನಿಗೆ ಬರ್ತಿತ್ತು. ಈಗ ಒಂದು ಗಂಟೆದಾಗ ಎಕರೆ ಮುಗಿತದ, ಹೆಣ್ಮಕ್ಕಳಿಗೆ ಕಳೆ ತಗಿಯೋದು, ಮೆಣಸಿನಕಾಯಿ ಬಿಡಿಸೋದು ಅಷ್ಟ ಉಳೀತು. ಮಷಿನ್‌ಗೆ ಬಡ್ಡಿ ರಿಯಾಯಿತಿ ಕೊಡೋ ಸರ್ಕಾರ ಕೊಯ್ಲಿನ ಹೆಣ್ಮಕ್ಕಳಿಗೆ ಏನು ಕೊಟ್ಟದ?

ಹರಿಹರ_ಶಿವು
ಅಕ್ಕ, ಕೂಲಿಯೋರು ಸಿಗದೇ ಇರೋದಕ್ಕೇ ಮಷಿನ್ ಬಂದದ್ದು.

ಸಿರುಗುಪ್ಪ_ನಾಗವೇಣಿ
ಯಾವುದು ಮೊದಲು ಆತು ಅಂತ ಕುಂತು ನೋಡಿದವ್ರು ನಾವು ತಮ್ಮ. ಮಷಿನ್ ಬಂದ ಮ್ಯಾಲ ಕೂಲಿ ಕಡಿಮಿ ಆತು, ಆಮ್ಯಾಲ ಮಂದಿ ಬೆಂಗಳೂರು ಬಸ್ ಹತ್ತಿದ್ರು. ಮಲ್ಲಣ್ಣಗ ಸಾಲ ಸಿಗಬ್ಯಾಡ ಅಂತ ನಾ ಅನ್ನಂಗಿಲ್ಲ. ಸ್ವಸಹಾಯ ಸಂಘದ ಹೆಣ್ಮಕ್ಕಳೂ ಮಷಿನ್ ಮಾಲೀಕರು ಆಗೋ ದಾರಿ ಇದ್ರ ಅದನ್ನೂ ಇಲ್ಲೇ ಹೇಳ್ರಿ ಅಂತ ಅಷ್ಟ ನನ್ನ ಮಾತು.

ಸುಮಾ_ಎಫ್‌ಪಿಒ
ನಾಗವೇಣಿ ಅಕ್ಕ, ಖಂಡಿತ ಇದೆ. ಎಐಎಫ್‌ನಲ್ಲಿ ಸ್ವಸಹಾಯ ಸಂಘಗಳೂ ಅರ್ಜಿ ಹಾಕಬಹುದು, ಮಂಜೂರಾದ ಉದಾಹರಣೆ ನಮ್ಮ ಸುತ್ತಲೇ ಇದೆ. ಕೃಷಿ ಯಾಂತ್ರೀಕರಣ ಉಪ ಅಭಿಯಾನ, ಎಸ್‌ಎಂಎಎಂ ಅಂತಾರಲ್ಲ, ಅದರಲ್ಲೂ ಸಂಘಗಳಿಗೆ ಯಂತ್ರ ಬಾಡಿಗೆ ಕೇಂದ್ರ ಮಾಡೋಕೆ ಸಹಾಯಧನ ಇದೆ. ದೊಡ್ಡ ಕಟಾವು ಮಷಿನ್‌ನಿಂದಲೇ ಶುರುಮಾಡಬೇಕು ಅಂತೇನಿಲ್ಲ. ಭತ್ತ ಕೊಯ್ದು ಸಾಲಾಗಿ ಮಲಗಿಸೋ ಸಣ್ಣ ರೀಪರ್, ಒಕ್ಕಣೆ ಯಂತ್ರ ಇವೆಲ್ಲ ಕಡಿಮೆ ಬಂಡವಾಳದಲ್ಲಿ ಆಗುತ್ತೆ, ಹುಲ್ಲೂ ಹಾಳಾಗಲ್ಲ. ನಿಮ್ಮ ಸಂಘದ ದಾಖಲೆ ಸರಿ ಇದ್ರೆ ನನಗೆ ಮೆಸೇಜ್ ಹಾಕಿ, ಅರ್ಜಿ ತುಂಬಿಸೋ ಜವಾಬ್ದಾರಿ ನನ್ನದು.

ಸಿರುಗುಪ್ಪ_ನಾಗವೇಣಿ
ಹಾಕ್ತೀನಿ ಮೇಡಂ. ನಮ್ಮ ಸಂಘದ ಲೆಕ್ಕ ಎಲ್ಲಾ ಚಂದ ಐತಿ.

ಜಮಖಂಡಿ_ಕಬ್ಬು
ಭತ್ತದ ಮಷಿನ್ 28 ಲಕ್ಷ ಅಂತ ತಲಿ ಕೆಡಿಸಿಕೊಂಡೀರಿ, ಕಬ್ಬಿನ ಹಾರ್ವೆಸ್ಟರ್ 1 ಕೋಟಿ ದಾಟ್ತದ ನೋಡ್ರಿ. ನಮ್ಮ ಕಡೆ ಮಹಾರಾಷ್ಟ್ರದ ಬೀಡ್ ಕಡಿಂದ ಕಬ್ಬು ಕಡಿಯೋ ಗ್ಯಾಂಗ್ ಬರ್ತಾವ, ಲಕ್ಷಗಟ್ಟಲೆ ಅಡ್ವಾನ್ಸ್ ಇಸ್ಕೊಂಡು ಅರ್ಧಕ್ಕ ಅರ್ಧ ಮಂದಿ ಬರೂದ ಇಲ್ಲ. ಅದಕ್ಕ ಮಷಿನ್ ಬೇಕು ಖರೆ. ಆದ್ರ ಮಷಿನ್ ನಡಿಬೇಕಂದ್ರ ಸಾಲು ನಾಲ್ಕೈದು ಫೂಟ್ ಅಗಲ ಇರಬೇಕು, ಹೊಲ ಉದ್ದ ಇರಬೇಕು, ಕಾರ್ಖಾನಿಯವ್ರು ಕಸ ಅಂತ ತೂಕ ಮುರಕೊಳ್ಳೋದು ಹಿಡಿತದಾಗ ಇರಬೇಕು. ಸಾಲ ತಗೊಳ್ಳೋಕ್ಕಿಂತ ಮೊದಲ ಕಾರ್ಖಾನಿ ಜೊತಿ ಇಷ್ಟು ಟನ್ ಕೆಲಸ ಕೊಡ್ತೀವಿ ಅಂತ ಕರಾರು ಮಾಡಿಸ್ರಿ. ಬ್ಯಾಂಕಿನವ್ರು ಅದನ್ನ ಮೊದಲ ಕೇಳ್ತಾರ.

ಲೆಕ್ಕಿಗ_ಶಿವಮೊಗ್ಗ
ಕರಾರಿನ ಮಾತು ಭತ್ತಕ್ಕೂ ಅನ್ವಯಿಸುತ್ತೆ. ಸುತ್ತಲಿನ ರೈತರಿಂದ "ನಮ್ಮ ಇಷ್ಟು ಎಕರೆ ಇವರಿಂದಲೇ ಕೊಯ್ಸ್ತೀವಿ" ಅಂತ ಸಹಿ ಹಾಕಿಸಿದ ಪಟ್ಟಿ ಪ್ರಾಜೆಕ್ಟ್ ರಿಪೋರ್ಟ್ ಜೊತೆ ಇಟ್ಟರೆ ತೂಕ ಬರುತ್ತೆ.

ಕಾಗದದ ಕೆಲಸ ಹೇಳ್ತೀನಿ. ಮೂವರು ಸೇರಿ ಮಾಡೋದಾದ್ರೆ ಪಾಲುದಾರಿಕೆ ಪತ್ರ ಮಾಡಿಸಿ, ಸಂಸ್ಥೆ ಹೆಸರಲ್ಲಿ ಪ್ಯಾನ್, ಕರೆಂಟ್ ಅಕೌಂಟ್. ಅಣ್ಣ-ತಮ್ಮ, ಮಾವನ ಮಗ ಅಂತ ಬಾಯಿಮಾತಲ್ಲಿ ಬಿಟ್ಟರೆ ಮೊದಲ ದೊಡ್ಡ ರಿಪೇರಿಗೇ ಜಗಳ ಬರುತ್ತೆ. ಯಾರು ಎಷ್ಟು ಹಾಕಿದ್ರು, ಡ್ರೈವರ್ ಆಗಿ ದುಡಿಯೋ ತಮ್ಮನಿಗೆ ಸಂಬಳ ಬೇರೆಯಾ ಲಾಭದ ಪಾಲು ಬೇರೆಯಾ, ಎಲ್ಲಾ ಬರೀರಿ.

ಚಟುವಟಿಕೆ ಕೋಡ್ ಬರೆಯೋವಾಗ ಎಚ್ಚರ. ಡ್ರೈವರ್ ಸಮೇತ ಮಷಿನ್ ಕಳಿಸಿ ಕೊಯ್ದುಕೊಡೋದು ಸರ್ಕಾರದ ಉದ್ಯಮ ವರ್ಗೀಕರಣದ ಎನ್‌ಐಸಿ ಪಟ್ಟಿಯಲ್ಲಿ 0161, ಬೆಳೆ ಉತ್ಪಾದನೆಗೆ ಪೂರಕ ಸೇವೆ. ಬರೀ ಮಷಿನ್ ಬಾಡಿಗೆಗೆ ಕೊಟ್ಟರೆ 7730. ನಿಮ್ಮದು ಮೊದಲನೆಯದು. ಇದನ್ನೇ ತಪ್ಪು ಬರೆದು "ಇದು ವಾಹನ ಬಾಡಿಗೆ" ಅಂತ ಬ್ಯಾಂಕಿನವರು ಕಡತ ಬೇರೆ ಕಡೆ ತಳ್ಳಿದ್ದು ನೋಡಿದೀನಿ.

ಜಿಎಸ್‌ಟಿ: ಕೊಯ್ಲು ಸೇವೆಗೆ ವಿನಾಯಿತಿ ಇದೆ, ರೈತರಿಂದ ವಸೂಲಿ ಮಾಡೋ ಹಾಗಿಲ್ಲ. ಅದೇ ಕಾರಣಕ್ಕೆ ಮಷಿನ್ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ. ಆದ್ರೆ 2025ರ ಸೆಪ್ಟೆಂಬರ್ 22ರಿಂದ ಕಟಾವು ಯಂತ್ರದ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಮಲ್ಲು ಅವರೇ, ನಿಮ್ಮ 28 ಲಕ್ಷದ ಕೊಟೇಶನ್ ಹೊಸ ದರದ್ದಾ ಹಳೇದಾ ನೋಡಿ.

ಆದಾಯ ತೆರಿಗೆ: ಬಾಡಿಗೆ ದುಡ್ಡು ಕೃಷಿ ಆದಾಯ ಅಲ್ಲ, ವ್ಯಾಪಾರದ ಆದಾಯ. ರಿಟರ್ನ್ ಹಾಕಲೇಬೇಕು. ಬಾಡಿಗೆ ಆದಷ್ಟು ಫೋನ್‌ಪೇ, ಗೂಗಲ್‌ಪೇಯಲ್ಲೇ ತಗೊಳ್ಳಿ. ಎರಡನೇ ಮಷಿನ್‌ಗೆ ಸಾಲ ಕೇಳೋವಾಗ ಆ ಸ್ಟೇಟ್‌ಮೆಂಟೇ ಮಾತಾಡುತ್ತೆ.

ಗಂಗಾವತಿ_ಮಲ್ಲು
ಕೊಟೇಶನ್ ತೆಗೆದು ನೋಡಿದೆ ಸರ್. ಜಿಎಸ್‌ಟಿ 12 ಅಂತನ ಹಾಕ್ಯಾರ! ನಾಳಿನ ಹೋಗಿ ಕೇಳ್ತೀನಿ.

ಹರಿಹರ_ಶಿವು
ನೋಡಿದ್ಯಾ! ಅದರಲ್ಲೇ ಒಂದೂ ಮುಕ್ಕಾಲು ಲಕ್ಷ ಉಳೀತು.

ಕುಂದಾಪುರ_ಗದ್ದೆ
ಹಳೇ ಮಷಿನ್ ತೆಗೆದರೆ ಹೇಗೆ? ಹತ್ತು ಹನ್ನೆರಡು ಲಕ್ಷಕ್ಕೆ ಸಿಗುವುದುಂಟು.

ಹರಿಹರ_ಶಿವು
ಮನೇಲಿ ಫಿಟ್ಟರ್ ಇರೋದ್ರಿಂದ ಯೋಚನೆ ಮಾಡಬಹುದಿತ್ತು. ಆದ್ರೆ ಹಳೇ ಗಾಡಿಗೆ ಸಬ್ಸಿಡಿ ಇಲ್ಲ, ಬ್ಯಾಂಕಿನವರೂ ಹಿಂದೇಟು ಹಾಕ್ತಾರೆ. ಮೀಟರ್ ತಿರುಗಿಸಿರ್ತಾರೆ. ಚೈನು, ಗೇರ್‌ಬಾಕ್ಸ್ ಹೋದ್ರೆ ಲಕ್ಷಗಳ ಲೆಕ್ಕ, ಅದೂ ಸುಗ್ಗಿ ಮಧ್ಯದಲ್ಲಿ.

ಬಿಎಸ್ಸಿ_ಅಗ್ರಿ
ಸಬ್ಸಿಡಿ ಪೂರ್ತಿ ಕೈಬಿಡಬೇಡಿ ಅನ್ನೋದು ನನ್ನ ಮಾತು. 2023-24ರ ರಾಜ್ಯ ಬಜೆಟ್‌ನಲ್ಲಿ ಹೈಟೆಕ್ ಹಾರ್ವೆಸ್ಟರ್ ಹಬ್ ಘೋಷಿಸಿದ್ರಲ್ಲ, ಆ ಅರ್ಜಿ, ಎಸ್‌ಎಂಎಎಂ ಅರ್ಜಿ ಎಲ್ಲಾ ರೈತ ಸಂಪರ್ಕ ಕೇಂದ್ರದಲ್ಲೇ ವಿಚಾರಿಸಬೇಕು. ಎಫ್‌ಐಡಿ ಅಂದ್ರೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇಲ್ಲದೆ ಯಾವುದೂ ಮುಂದೆ ಹೋಗಲ್ಲ. ಮಷಿನ್‌ಗೆ ಸರ್ಕಾರಿ ಪರೀಕ್ಷಾ ಕೇಂದ್ರದ ವರದಿ ಇರಬೇಕು, ದಕ್ಷಿಣಕ್ಕೆ ಅನಂತಪುರ ಹತ್ತಿರ ಗಾರ್ಲದಿನ್ನೆಯಲ್ಲಿದೆ. ಡೀಲರ್ ಹತ್ರ ಆ ವರದಿ ಕೇಳಿ. ಇಲಾಖೆ ಮಂಜೂರಾತಿಗಿಂತ ಮೊದಲೇ ಮಷಿನ್ ತಗೊಂಡುಬಿಟ್ರೆ ಸಬ್ಸಿಡಿ ಸಿಗಲ್ಲ, ಇದೊಂದು ನೆನಪಿರಲಿ.

ನಿವೃತ್ತ_ಬ್ಯಾಂಕಿಗ
ಸರಿಯಾದ ಮಾತು. ಎಐಎಫ್ ರಿಯಾಯಿತಿಯನ್ನು ಬೇರೆ ಕೇಂದ್ರ, ರಾಜ್ಯ ಸಬ್ಸಿಡಿ ಜೊತೆ ಸೇರಿಸಿಕೊಳ್ಳಲು ಅವಕಾಶವಿದೆ. ಆದರೆ ಸಾಲಕ್ಕೆ ಜೋಡಿಸಿದ ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಯಲ್ಲಿ ಕೂತಿದ್ದು, ಲಾಕ್-ಇನ್ ಅವಧಿ ಮುಗಿದ ಮೇಲೆ ಕೊನೆಯ ಕಂತುಗಳಿಗೆ ಹೊಂದಿಕೆಯಾಗುತ್ತದೆ. ಅಷ್ಟು ಮೊತ್ತಕ್ಕೆ ಬ್ಯಾಂಕು ಬಡ್ಡಿ ಹಾಕುವಂತಿಲ್ಲ, ಅದನ್ನೂ ಗಮನಿಸಿ. "ಸಬ್ಸಿಡಿ ಬಂದರೆ ಆ ದುಡ್ಡಲ್ಲಿ ಟ್ರ್ಯಾಕ್ಟರ್ ತಗೊಳ್ಳೋಣ" ಎಂಬ ಲೆಕ್ಕ ಬೇಡ.

ಸಹಕಾರಿ ಬ್ಯಾಂಕನ್ನು ಯಾರೂ ಹೆಸರಿಸಲಿಲ್ಲ. ರಾಜ್ಯ ಸರ್ಕಾರ 2023ರಲ್ಲಿ ಶೇ 3 ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿಯನ್ನು 10ರಿಂದ 15 ಲಕ್ಷಕ್ಕೆ ಏರಿಸಿತು. ಮೊತ್ತ ಕಡಿಮೆ, ಜಮೀನು ಕೇಳುತ್ತಾರೆ, ಹಣದ ಲಭ್ಯತೆ ಸೊಸೈಟಿಯಿಂದ ಸೊಸೈಟಿಗೆ ಬೇರೆ. ಆದರೂ ವಿಚಾರಿಸಿ.

ಶಿವು ಅವರು ಮೊದಲೇ ಹೇಳಿದ ಕಂತಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ಬಡ್ಡಿ ಅರ್ಧ ಪರ್ಸೆಂಟ್ ಹೆಚ್ಚಾದರೂ ಪರವಾಗಿಲ್ಲ, ಕಂತನ್ನು ಅರ್ಧವಾರ್ಷಿಕ ಮಾಡಿಸಿ. ಒಂದು ಜನವರಿಯಲ್ಲಿ, ಒಂದು ಜೂನ್‌ನಲ್ಲಿ. ಮುಂಗಾರು ಬೆಳೆಯ ಬಾಡಿಗೆ ಜನವರಿ ಹೊತ್ತಿಗೆ, ಬೇಸಿಗೆ ಬೆಳೆಯದ್ದು ಜೂನ್ ಹೊತ್ತಿಗೆ ಕೈಗೆ ಬಂದಿರುತ್ತದೆ. ಎಐಎಫ್‌ನಲ್ಲಿ ಅಸಲಿಗೆ 6 ತಿಂಗಳಿಂದ 2 ವರ್ಷದವರೆಗೆ ವಿರಾಮವೂ ಸಿಗುತ್ತದೆ. ಇದನ್ನೆಲ್ಲ ಮಂಜೂರಾತಿಗೆ ಮೊದಲೇ ಕೇಳಬೇಕು. ಸಹಿ ಹಾಕಿದ ಮೇಲೆ ಬದಲಿಸಿ ಎಂದರೆ ಅದು ಸಾಲ ಪುನರ್‌ರಚನೆ ಎನಿಸಿಕೊಂಡು ನಿಮ್ಮ ಖಾತೆಗೇ ಕಪ್ಪುಚುಕ್ಕೆ.

ಜಮಖಂಡಿ_ಕಬ್ಬು
ಮತ್ತ ನೀರು? ತುಂಗಭದ್ರಾ ನಂಬಿ ವರ್ಷಕ್ಕ ಎರಡು ಹಂಗಾಮು ಅಂತ ಬರದ್ರ ಹೆಂಗ? 2023ರಾಗ ಬರ, ಎರಡನೇ ಬೆಳಿಗೆ ನೀರು ಇಲ್ಲ. 2024ರ ಆಗಸ್ಟ್‌ನ್ಯಾಗ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋತು.

ಗಂಗಾವತಿ_ಮಲ್ಲು
ಅದ ನೋಡ್ರಿ ನಮ್ಮವ್ವನ ಅಂಜಿಕಿ. ಗೇಟ್ ಹೋದ ದಿನ ಊರಾಗ ಯಾರೂ ಮಲಗಲಿಲ್ಲ. ಆ ವರ್ಷ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ಇಳಿಸಿ ನೀರು ಉಳಿಸಿದ್ರು, ಬೆಳಿ ಕೈಗೆ ಬಂತು. ಗೇಟ್ ಬದಲಿ ಕೆಲಸ ಮುಗಿಯೋತನ ಬ್ಯಾಸಗಿ ಬೆಳಿ ಮ್ಯಾಲ ಕಂತು ಇಡೋಕೆ ನನಗೂ ಧೈರ್ಯ ಇಲ್ಲ.

ಹರಿಹರ_ಶಿವು
ಹಂಗಾದ್ರೆ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ನಿಮ್ಮ ಕಡೆ ಒಂದು ಹಂಗಾಮು ಮಾತ್ರ ತೋರಿಸು. ಉಳಿದ ಗಂಟೆ ಬೇರೆ ಅಚ್ಚುಕಟ್ಟಲ್ಲಿ. ಭತ್ತ ಮಾತ್ರ ಅಲ್ಲ, ಮೆಕ್ಕೆಜೋಳಕ್ಕೆ ಬೇರೆ ಹೆಡರ್ (ಮುಂದಿನ ಕೊಯ್ಯೋ ಭಾಗ) ಹಾಕಬಹುದಾದ ಮಾಡೆಲ್ ಸಿಗುತ್ತಾ ಕೇಳು. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಕೆಲಸ ಬೇಕಾದಷ್ಟಿದೆ. ನೀನು ಬರೋದಾದ್ರೆ ನಮ್ಮ ಕಡೆ ಏಜೆಂಟ್ ಇಲ್ಲದೇ ಒಂದು ನೂರು ಎಕರೆ ನಾನೇ ಹಿಡಿದುಕೊಡ್ತೀನಿ. ನನ್ನ ಗಾಡಿ ಒಂದೇ ಸಾಕಾಗಲ್ಲ, ರೈತರು ನನಗೇ ಬಯ್ತಾರೆ.

ಗಂಗಾವತಿ_ಮಲ್ಲು
ಶಿವಣ್ಣ, ನಿಮ್ಮ ನಂಬರ್ ಮೆಸೇಜ್‌ನ್ಯಾಗ ಹಾಕ್ರಿ. ಇನ್ನೊಂದು ಪ್ರಶ್ನೆ ಐತಿ. ಚೈನ್ ಮಷಿನ್ ಹುಲ್ಲು ಮುರಿದು ಹಾಕ್ತದ ಅಂತ ದನ ಸಾಕಿದವ್ರು ನಮ್ಮ ಕಡೆ ಬ್ಯಾಸರ ಮಾಡ್ಕೋತಾರ. ಹುಲ್ಲು ಕಟ್ಟೋ ಬೇಲರ್ ಕೂಡ ಇದ ಸಾಲದಾಗ ಬರ್ತದೇನು ಸುಮಾ ಮೇಡಂ?

ಸುಮಾ_ಎಫ್‌ಪಿಒ
ಯಂತ್ರ ಬಾಡಿಗೆ ಕೇಂದ್ರ ಅಂತ ಯೋಜನೆ ಮಾಡಿದ್ರೆ ಬೇಲರ್ ಸೇರಿಸಬಹುದು ಮಲ್ಲಣ್ಣ, ಎರಡಕ್ಕೂ ಕೊಟೇಶನ್ ಒಟ್ಟಿಗೇ ಇಡಿ, ಆಮೇಲೆ ಸೇರಿಸೋದು ಕಷ್ಟ. ಬೇಲರ್ ಎಳೆಯೋಕೆ ಟ್ರ್ಯಾಕ್ಟರ್ ಬೇಕು. ನಿಮ್ಮ ಹತ್ರ ಟ್ರ್ಯಾಕ್ಟರ್ ಇದ್ರೆ ಮಾತ್ರ ಆ ಲೆಕ್ಕ ಹಿಡೀರಿ, ಇಲ್ಲಾಂದ್ರೆ ಬಾಡಿಗೆ ಟ್ರ್ಯಾಕ್ಟರ್ ಖರ್ಚೂ ಬರೀರಿ. ನಮ್ಮಲ್ಲಿ ಹುಲ್ಲಿನ ಒಂದು ಪಿಂಡಿಗೆ ಇಷ್ಟು ಅಂತ ಕಟ್ಟಿಕೊಡ್ತೀವಿ. ಕಟಾವು ಆದ ಮೂರ್ನಾಲ್ಕು ದಿನದೊಳಗೆ, ಹುಲ್ಲು ಒಣಗಿದ ಮೇಲೆ ಕಟ್ಟಬೇಕು, ಹಸಿ ಇದ್ರೆ ಬೂಸ್ಟು ಹಿಡಿಯುತ್ತೆ. ಹೊಸ ಜಿಎಸ್‌ಟಿ ಹಾಕಿದ ಕೊಟೇಶನ್ ಬಂದ ಕೂಡಲೇ ಕಳಿಸಿ, ಪ್ರಾಜೆಕ್ಟ್ ರಿಪೋರ್ಟ್‌ನ ನಮೂನೆ ನನ್ನ ಹತ್ರ ಇದೆ, ಅಂಕಿ ಕೂರಿಸಿ ಕೊಡ್ತೀನಿ.